ಆರ್ಕ್ಟಿಕ್ ಕಡೆ ನಾವಿಬ್ಬರೇ ಹೋಗಿ ಮದುವೆ ಆಗೋಕೆ ಯಾವ ಸೀಸನ್ ಒಳ್ಳೇದು?

ಹಿಮಹೂವು:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹುಡುಗ ಇಬ್ಬರೂ ಓಸ್ಲೋದಲ್ಲಿ ಕೆಲಸ ಮಾಡ್ತಾ ಇದೀವಿ, ಇಬ್ಬರಿಗೂ ರೆಸಿಡೆನ್ಸ್ ಪರ್ಮಿಟ್ ಇದೆ. ನೂರಾರು ಜನ ಸೇರೋ ಮದುವೆ ಬೇಡ, ಬೆಟ್ಟ ಸಮುದ್ರ ಎರಡೂ ಇರೋ ಕಡೆ ನಾವಿಬ್ಬರೇ ನಿಂತು ಮದುವೆ ಆಗೋಣ ಅಂತ ಮೊದಲಿಂದ್ಲೂ ಆಸೆ. ಎರಡೂ ಮನೇಲಿ ಹೇಳಿದೀವಿ, ಸ್ವಲ್ಪ ದಿನ ಬೇಜಾರು ಮಾಡ್ಕೊಂಡ್ರು, ಆಮೇಲೆ ಒಪ್ಪಿದ್ರು, ಹಾಗಾಗಿ ಕದ್ದುಮುಚ್ಚಿ ಮಾಡೋದು ಏನೂ ಇಲ್ಲ. ಜಾಗ ಆರ್ಕ್ಟಿಕ್ ಸರ್ಕಲ್‌ನಿಂದ ಮೇಲೆ ಅನ್ನೋದು ಪಕ್ಕಾ. ನಾರ್ವೆಯ ಲೋಫೋಟೆನ್ ದ್ವೀಪಗಳು ಇಲ್ಲಾಂದ್ರೆ ಟ್ರೋಮ್ಸೋ ಊರಿನ ಸುತ್ತಮುತ್ತ, ಇನ್ನೂ ಉತ್ತರಕ್ಕಿರೋ ಸ್ವಾಲ್ಬಾರ್ಡ್ ದ್ವೀಪಗಳೂ ಮನಸ್ಸಲ್ಲಿವೆ.

ತಲೆಬಿಸಿ ಆಗಿರೋದು ಸೀಸನ್ ವಿಷಯದಲ್ಲಿ. ಅವನಿಗೆ ನಾರ್ದರ್ನ್ ಲೈಟ್ಸ್ ಕೆಳಗೆ ನಿಂತು ಉಂಗುರ ಹಾಕ್ಬೇಕು. ನನಗೆ ಬೆಟ್ಟ ಕಾಣ್ಬೇಕು, ನೀರು ಕಾಣ್ಬೇಕು, ಜೊತೆಗೆ ಡ್ರೆಸ್ ಹಾಕ್ಕೊಂಡು ಒಂದರ್ಧ ಗಂಟೆಯಾದ್ರೂ ನಡುಗದೆ ನಿಲ್ಲೋ ಹಾಗಿರ್ಬೇಕು, ಫೋಟೋದಲ್ಲಿ ನಾನು ಜಾಕೆಟ್ ಒಳಗೆ ಮುಚ್ಚಿಹೋಗಿರೋದು ಬೇಡ. ಒಬ್ರು ಜೂನ್ ಅಂತಾರೆ, ಇನ್ನೊಬ್ರು ಡಿಸೆಂಬರ್ ಬಿಟ್ಟು ಬೇರೆ ಯೋಚನೇನೇ ಮಾಡ್ಬೇಡ ಅಂತಾರೆ, ಫೋಟೋ ನೋಡಿದ್ರೆ ಎಲ್ಲಾ ತಿಂಗಳೂ ಚೆನ್ನಾಗೇ ಕಾಣತ್ತೆ. ನಮಗೆ ಸಿಗೋದು ಒಂದು ವಾರ ರಜೆ. ಸಾಧಾರಣ ನಡಿಗೆ ಓಕೆ, ಕಷ್ಟದ ಟ್ರೆಕ್ ಬೇಡ. ಹಿಮದ ರಸ್ತೇಲಿ ಡ್ರೈವ್ ಮಾಡಿ ಇಬ್ಬರಿಗೂ ಅಭ್ಯಾಸ ಇಲ್ಲ. ಅಲ್ಲೇ ಇರೋರು, ಇಲ್ಲಾ ಹೀಗೆ ಮದುವೆ ಆದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಪ್ರತಿ ಸೀಸನ್‌ನಲ್ಲಿ ಏನು ಸಿಗತ್ತೆ, ಏನು ಕೈ ತಪ್ಪತ್ತೆ ಅಂತ.

ಉತ್ತರದಾರಿ:

ಮೊದಲು ಇಬ್ಬರಿಗೂ ಅಭಿನಂದನೆ. ನಾನು ಟ್ರೋಮ್ಸೋದಲ್ಲಿರೋದು, ಫೋಟೋ ತೆಗೆಯೋದು ನನ್ನ ಕೆಲಸದ ಒಂದು ಭಾಗ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಇಲ್ಲಿ ಚಳಿಗಾಲ ಬೇಸಿಗೆ ಅಂತ ಯೋಚಿಸ್ಬೇಡಿ, ಬೆಳಕಿನ ಲೆಕ್ಕದಲ್ಲಿ ಯೋಚಿಸಿ. ಚಳಿಗೆ ಬಟ್ಟೆ ಇದೆ, ಕತ್ತಲೆಗೆ ಏನೂ ಮಾಡೋಕಾಗಲ್ಲ. ಟ್ರೋಮ್ಸೋದಲ್ಲಿ ಸುಮಾರು ಮೇ 20ರಿಂದ ಜುಲೈ 22ರ ತನಕ ಸೂರ್ಯ ಮುಳುಗೋದೇ ಇಲ್ಲ, ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಹುಟ್ಟೋದೇ ಇಲ್ಲ. ಲೋಫೋಟೆನ್ ಸ್ವಲ್ಪ ಕೆಳಗಿರೋದ್ರಿಂದ ಎರಡೂ ಅವಧಿ ಚಿಕ್ಕದು, ಅಲ್ಲಿ ಮಿಡ್‌ನೈಟ್ ಸನ್ ಹೆಚ್ಚುಕಮ್ಮಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ, ಪೋಲಾರ್ ನೈಟ್ ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ. ಈಗ ನಿಮ್ಮ ಹುಡುಗನ ಆಸೆ ನೋಡಿ. ಅರೋರಾ, ಅಂದ್ರೆ ನಾರ್ದರ್ನ್ ಲೈಟ್ಸ್, ಕಾಣೋಕೆ ಆಕಾಶ ಕಪ್ಪಾಗ್ಬೇಕು, ಅದು ಆಗೋದು ಆಗಸ್ಟ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದ ತನಕ ಮಾತ್ರ. ನಿಮಗೆ ಬೆಟ್ಟ ನೀರು ಕಾಣ್ಬೇಕು ಅಂದ್ರೆ ಹಗಲೂ ಬೇಕು. ಎರಡೂ ಒಂದೇ ದಿನ ಧಾರಾಳವಾಗಿ ಸಿಗೋದು ಹಗಲು ರಾತ್ರಿ ಸಮ ಆಗೋ ಹೊತ್ತಲ್ಲಿ, ಅಂದ್ರೆ ಸೆಪ್ಟೆಂಬರ್‌ನಲ್ಲಿ ಒಂದ್ಸಲ, ಮಾರ್ಚ್‌ನಲ್ಲಿ ಒಂದ್ಸಲ. ಅದೃಷ್ಟಕ್ಕೆ ಭೂಮಿಯ ಕಾಂತಕ್ಷೇತ್ರದಲ್ಲಿ ಕೋಲಾಹಲ ಹೆಚ್ಚಾಗೋದೂ ಈ ಎರಡು ತಿಂಗಳ ಆಸುಪಾಸಲ್ಲೇ, ಸೂರ್ಯನ ಗಾಳಿಯ ಕಾಂತಕ್ಷೇತ್ರ ನಮ್ಮದರ ಜೊತೆ ಆ ಸಮಯದಲ್ಲಿ ಸುಲಭವಾಗಿ ಕೊಂಡಿ ಹಾಕ್ಕೊಳ್ಳತ್ತೆ. ಆದ್ರೂ ಆ ಕೋಲಾಹಲ ಎಷ್ಟಿದೆ ಅಂತ ಹೇಳೋ ಕೆಪಿ ನಂಬರ್ ನೋಡಿ ತಲೆ ಕೆಡಿಸ್ಕೋಬೇಡಿ, ನಾವಿರೋದು ಅರೋರಾ ವಲಯದ ಕೆಳಗೇ, ಕೆಪಿ 1 ಅಥವಾ 2 ಇದ್ರೂ ಕಾಣತ್ತೆ. ಇಲ್ಲಿ ಅರೋರಾ ತಪ್ಪಿಸೋದು ಮೋಡ.

ಸೆಪ್ಟೆಂಬರ್ ಬಗ್ಗೆ ಹೇಳ್ತೀನಿ ಯಾಕಂದ್ರೆ ನನ್ನ ಓಟು ಅದಕ್ಕೇ. ಎರಡನೇ ವಾರದಿಂದ ಬರ್ಚ್ ಮರ ಎಲ್ಲಾ ಹಳದಿ ಆಗತ್ತೆ, ನೆಲದ ಮೇಲಿನ ಕುಳ್ಳ ಗಿಡಗಳು ಕೆಂಪಾಗ್ತವೆ, ಕೆಲವು ವರ್ಷ ಬೆಟ್ಟದ ತುದೀಲಿ ಮೊದಲ ಹಿಮ ಬಿದ್ದು ಕೆಳಗೆ ಇನ್ನೂ ಹಸಿರು ಹಳದಿ ಇರತ್ತೆ, ಆ ಮೂರೂ ಬಣ್ಣ ಒಂದೇ ಫ್ರೇಮಲ್ಲಿ ಸಿಗೋದು ಬೇರೆ ಯಾವ ತಿಂಗಳಲ್ಲೂ ಸಾಧ್ಯ ಇಲ್ಲ. ಕೆರೆಗಳು ಇನ್ನೂ ಹೆಪ್ಪುಗಟ್ಟಿರಲ್ಲ ಹಾಗಾಗಿ ಗಾಳಿ ಇಲ್ಲದ ರಾತ್ರಿ ಅರೋರಾ ನೀರಲ್ಲೂ ಕಾಣತ್ತೆ, ಮಾರ್ಚ್‌ನಲ್ಲಿ ಕೆರೆ ಮೇಲೆ ಐಸ್ ಇರೋದ್ರಿಂದ ಅದು ಸಿಗಲ್ಲ. ಸೆಪ್ಟೆಂಬರ್ 20ರ ಹೊತ್ತಿಗೆ ಲೋಫೋಟೆನ್‌ನಲ್ಲಿ ಸೂರ್ಯ ಮುಳುಗೋದು ಸಂಜೆ ಏಳರ ಆಸುಪಾಸು. ಆದ್ರೆ ಇಲ್ಲಿ ಸೂರ್ಯ ನೇರ ಕೆಳಗೆ ಬೀಳಲ್ಲ, ಓರೆಯಾಗಿ ಜಾರ್ತಾನೆ, ಹಾಗಾಗಿ ಆ ಬಂಗಾರದ ಬೆಳಕು ತುಂಬಾ ಹೊತ್ತು ನಿಲ್ಲತ್ತೆ, ಮುಳುಗಿದ ಮೇಲೂ ಒಂದು ಗಂಟೆಗೆ ಮೇಲ್ಪಟ್ಟು ತಿಳಿಬೆಳಕು ಇರತ್ತೆ. ಐದೂವರೆಗೆ ಮದುವೆ ಇಟ್ಕೊಂಡ್ರೆ ಶಾಂತವಾಗಿ ಎಲ್ಲಾ ಮುಗಿಸಿ, ಊಟ ಮಾಡಿ, ಬೆಚ್ಚಗೆ ಬಟ್ಟೆ ಹಾಕ್ಕೊಂಡು ಹತ್ತು ಗಂಟೆಗೆ ಅರೋರಾಗೆ ಹೊರಗೆ ಬರಬಹುದು. ಹವೆ ಸಾಮಾನ್ಯವಾಗಿ 5ರಿಂದ 10 ಡಿಗ್ರಿ. ಡ್ರೆಸ್ಸಲ್ಲಿ ಅರ್ಧ ಗಂಟೆ ನಿಲ್ಲಬಹುದು, ಒಳಗೆ ತೆಳು ಉಣ್ಣೆ ಇದ್ರೆ.

ಕೈ ತಪ್ಪೋದು ಏನು ಅಂದ್ರೆ, ಮಳೆ. ಕರಾವಳೀಲಿ ವರ್ಷದ ಒಣ ತಿಂಗಳು ಅಂದ್ರೆ ಮೇ ಜೂನ್, ಅಲ್ಲಿಂದ ಏರ್ತಾ ಹೋಗಿ ಟ್ರೋಮ್ಸೋದಲ್ಲಿ ಅಕ್ಟೋಬರ್ ಅತಿ ಹೆಚ್ಚು ಮಳೆ ಬೀಳೋ ತಿಂಗಳು. ಸೆಪ್ಟೆಂಬರ್ ನಡುವೆ ಬರತ್ತೆ. ಅದಕ್ಕೇ ಒಂದೇ ದಿನಕ್ಕೆ ಕಟ್ಟುಬೀಳ್ಬೇಡಿ, ಒಂದು ವಾರ ಇದ್ರೆ ಅದರಲ್ಲಿ ಎರಡು ಮೂರು ದಿನ ಫೋಟೋಗ್ರಾಫರ್ ಜೊತೆ ಮಾತಾಡಿ ಖಾಲಿ ಇಡಿ, ಇರ್ (Yr) ಅನ್ನೋ ವೆದರ್ ಸೈಟ್ ನೋಡ್ಕೊಂಡು ಹಿಂದಿನ ದಿನ ಫೈನಲ್ ಮಾಡಿ. ಅಕ್ಟೋಬರ್‌ಗೆ ಮಾತ್ರ ತಳ್ಳಬೇಡಿ, ಎಲೆ ಉದುರಿರತ್ತೆ, ಹಿಮ ಬಂದಿರಲ್ಲ, ದಿನಕ್ಕೆ ಎಂಟು ನಿಮಿಷಕ್ಕಿಂತ ಜಾಸ್ತಿ ಹಗಲು ಕಮ್ಮಿ ಆಗ್ತಾ ಹೋಗತ್ತೆ.

ಕಡಲಂಚು:

ಉತ್ತರದಾರಿ ಅವರ ಮಾತು ಒಪ್ತೀನಿ, ಆದ್ರೆ ಬೇಸಿಗೆಯನ್ನ ಅಷ್ಟು ಬೇಗ ಪಕ್ಕಕ್ಕಿಡಬೇಡಿ ಅಂತ ನನ್ನ ವಿನಂತಿ. ನಾವು ಮದುವೆ ಆಗಿದ್ದು ಜೂನ್ ಕೊನೇಲಿ, ಲೋಫೋಟೆನ್‌ನ ಉತ್ತಾಕ್ಲೈವ್ ಬೀಚಲ್ಲಿ, ರಾತ್ರಿ ಹನ್ನೆರಡರ ಮೇಲೆ.

ಜನ ಏನಂದ್ಕೋತಾರೆ ಅಂದ್ರೆ ಇಡೀ ದಿನ ಸೂರ್ಯ ಇದ್ರೆ ಬೆಳಕು ಚಪ್ಪಟೆ ಅಂತ. ಮಧ್ಯಾಹ್ನ ಹೌದು. ಆದ್ರೆ ಜೂನ್ 21ಕ್ಕೆ ಮಧ್ಯರಾತ್ರಿ ಲೋಫೋಟೆನ್‌ನಲ್ಲಿ ಸೂರ್ಯ ದಿಗಂತದಿಂದ ಎರಡು ಡಿಗ್ರಿಗೂ ಕಮ್ಮಿ ಮೇಲಿರ್ತಾನೆ, ಟ್ರೋಮ್ಸೋದಲ್ಲಿ ಮೂರು ಡಿಗ್ರಿ. ಅಂದ್ರೆ ಬೇರೆ ಕಡೆ ಇಪ್ಪತ್ತು ನಿಮಿಷ ಸಿಗೋ ಗೋಲ್ಡನ್ ಅವರ್ ಇಲ್ಲಿ ರಾತ್ರಿ ಹತ್ತೂವರೆಯಿಂದ ಬೆಳಗಿನ ಜಾವ ಎರಡೂವರೆ ತನಕ ಇರತ್ತೆ, ಮೋಡ ಒಂದು ಬಂದು ಹೋದ್ರೂ ಕಾಯಬಹುದು, ಓಡೋ ಅವಸರ ಇಲ್ಲ, ನಮ್ಮ ಮಾತುಗಳನ್ನ ಒಬ್ಬರಿಗೊಬ್ಬರು ಓದಿ ಮುಗಿಸಿ ಸುಮ್ನೆ ಕೂತ್ಕೊಂಡು ಮತ್ತೆ ಎದ್ದು ಫೋಟೋ ತೆಗೆಸ್ಕೊಂಡ್ವಿ. ಹಗಲು ಹೊತ್ತಲ್ಲಿ ಆ ಬೀಚ್ ತುಂಬಾ ಕ್ಯಾಂಪರ್ ವ್ಯಾನ್ ಇರತ್ತೆ, ರಾತ್ರಿ ಒಂದಕ್ಕೆ ಜನ ತುಂಬಾ ಕಮ್ಮಿ.

ಒಂದು ಮುಖ್ಯವಾದ ವಿಷಯ, ಮಧ್ಯರಾತ್ರಿ ಸೂರ್ಯ ಇರೋದು ಉತ್ತರ ದಿಕ್ಕಲ್ಲಿ. ಎಲ್ಲರೂ ಫೋಟೋದಲ್ಲಿ ನೋಡೋ ರೈನೆ ಹಳ್ಳಿ ದ್ವೀಪದ ಒಳಮಗ್ಗುಲಲ್ಲಿದೆ, ಉತ್ತರಕ್ಕೆ ದೊಡ್ಡ ಬೆಟ್ಟ ಅಡ್ಡ, ಅಲ್ಲಿ ಮಧ್ಯರಾತ್ರಿ ನೆರಳೇ ಸಿಗೋದು. ಉತ್ತಾಕ್ಲೈವ್, ಎಗ್ಗುಮ್, ಗಿಮ್ಸೋಯ್ ತರ ತೆರೆದ ಸಮುದ್ರದ ಕಡೆ ಮುಖ ಮಾಡಿರೋ ಜಾಗ ಹುಡುಕಿ. ಇದು ಗೊತ್ತಿಲ್ದೆ ರೈನೆನಲ್ಲಿ ರೂಮ್ ಬುಕ್ ಮಾಡೋರು ಬಹಳ ಜನ.

ರಸ್ತೆಗಳೆಲ್ಲಾ ತೆರೆದಿರತ್ತೆ, ಡ್ರೈವಿಂಗ್ ಭಯ ಇಲ್ಲ, ನಿಮ್ಮ ಪರಿಸ್ಥಿತಿಗೆ ಇದು ದೊಡ್ಡ ಅನುಕೂಲ. ತೊಂದರೆ ಅಂದ್ರೆ ಜುಲೈ ಬಂತು ಅಂದ್ರೆ ಇ10 ರಸ್ತೇಲಿ ಗಾಡಿ ಸಾಲು, ರೂಮಿನ ರೇಟು ಏರಿರತ್ತೆ. ಸೊಳ್ಳೆ ಕಡಲ ಪಕ್ಕ ಗಾಳಿ ಇರೋದ್ರಿಂದ ಅಷ್ಟಿಲ್ಲ, ಆದ್ರೆ ಒಳನಾಡಿಗೆ, ಫಿನ್ನಿಷ್ ಲ್ಯಾಪ್‌ಲ್ಯಾಂಡ್ ಕಡೆ ಹೋದ್ರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ತನಕ ನಿಂತ್ಕೊಳ್ಳೋಕೆ ಬಿಡಲ್ಲ. ಅರೋರಾ ಅಂತೂ ಇಲ್ಲವೇ ಇಲ್ಲ, ಅದನ್ನ ನಿಮ್ಮವರಿಗೆ ಮೊದಲೇ ಸ್ಪಷ್ಟವಾಗಿ ಹೇಳ್ಬಿಡಿ.

ಓಸ್ಲೋ ಕನ್ನಡತಿ:

ಸೀಸನ್ ಚರ್ಚೆ ಚೆನ್ನಾಗಿದೆ, ಆದ್ರೆ ಕಾಗದಪತ್ರದ ಕಡೆ ಯಾರೂ ಬರ್ಲಿಲ್ಲ ಅದಕ್ಕೆ ಹೇಳ್ತಿದೀನಿ, ಯಾಕಂದ್ರೆ ತಾರೀಖು ನಿರ್ಧಾರ ಆಗೋದು ಕೊನೆಗೆ ಇದ್ರಿಂದಾನೇ. ನಾರ್ವೇಲಿ ಕಾನೂನು ಪ್ರಕಾರ ಮದುವೆ ಆಗ್ಬೇಕು ಅಂದ್ರೆ ಸ್ಕಾಟೆಎಟಾಟೆನ್, ಅಂದ್ರೆ ಟ್ಯಾಕ್ಸ್ ಇಲಾಖೆಯಿಂದ ಪ್ರೋವಿಂಗ್ಸ್‌ಅಟೆಸ್ಟ್ ತಗೋಬೇಕು, ಮದುವೆಗೆ ಯಾವ ಅಡ್ಡಿ ಇಲ್ಲ ಅನ್ನೋ ಪತ್ರ ಅದು. ಅದು ಕೊಟ್ಟ ದಿನದಿಂದ 4 ತಿಂಗಳು ಮಾತ್ರ ಚಾಲ್ತಿ. ತುಂಬಾ ಮುಂಚೆ ಮಾಡಿದ್ರೆ ಅವಧಿ ಮುಗಿದುಹೋಗತ್ತೆ, ತಡ ಮಾಡಿದ್ರೆ ಕೈಗೆ ಸಿಗಲ್ಲ, ಪ್ರೊಸೆಸಿಂಗ್‌ಗೆ ಕೆಲವು ವಾರ ಹಿಡಿಯತ್ತೆ, ಬೇರೆ ದೇಶದ ದಾಖಲೆ ಇದ್ರೆ ಇನ್ನೂ ಜಾಸ್ತಿ. ಹೊರದೇಶದ ಪ್ರಜೆ ಆಗಿದ್ರೆ ವೈವಾಹಿಕ ಸ್ಥಿತಿ ಬಗ್ಗೆ ಸ್ವಂತ ದೇಶದ ಪತ್ರ ಕೇಳಬಹುದು, ಅದನ್ನ ತರಿಸೋಕೆ ಈಗ್ಲೇ ಶುರು ಮಾಡಿ, ಉಳಿದದ್ದೆಲ್ಲಾ ಆಮೇಲೆ.

ಇಬ್ಬರಿಗೂ ಒಬ್ಬೊಬ್ಬ ಫೋರ್ಲೋವರ್ ಬೇಕು, ನಿಮ್ಮನ್ನ ಗೊತ್ತಿರೋ ವಯಸ್ಕರು, ಅವರು ಒಂದು ಘೋಷಣೆ ಕೊಡ್ತಾರೆ ಅಷ್ಟೇ, ಮದುವೆ ಜಾಗಕ್ಕೆ ಬರಲೇಬೇಕು ಅಂತಿಲ್ಲ. ಆದ್ರೆ ಮದುವೆ ಹೊತ್ತಲ್ಲಿ ಇಬ್ಬರು ಸಾಕ್ಷಿ ಕಣ್ಣೆದುರು ಇರ್ಲೇಬೇಕು. ನೀವಿಬ್ಬರೇ ಅಂದ್ರಲ್ಲ, ಫೋಟೋಗ್ರಾಫರ್ ಒಬ್ರು, ಜೊತೆಗೆ ಇನ್ನೊಬ್ರು, ಅಷ್ಟು ಸಾಕು.

ಸಿವಿಲ್ ಮದುವೆ ಮಾಡಿಸೋದು 2018ರಿಂದ ಕಮ್ಯೂನ್, ಅಂದ್ರೆ ಸ್ಥಳೀಯ ಪುರಸಭೆಯ ಕೆಲಸ. ಲೋಫೋಟೆನ್‌ನಲ್ಲಿ ಸ್ವೋಲ್ವೆರ್ ಇರೋದು ವೋಗನ್ ಕಮ್ಯೂನ್‌ಗೆ, ಉತ್ತಾಕ್ಲೈವ್ ಹೌಕ್ಲಾಂಡ್ ಕಡೆ ಎಲ್ಲಾ ವೆಸ್ಟ್‌ವೋಗೋಯ್‌ಗೆ, ರೈನೆ ಬರೋದು ಮೊಸ್ಕೆನೆಸ್‌ಗೆ. ಕಚೇರಿ ಬಿಟ್ಟು ಬೀಚಿಗೋ ಬೆಟ್ಟಕ್ಕೋ ಬರ್ತಾರಾ, ಎಷ್ಟು ತಗೋತಾರೆ ಅನ್ನೋದು ಒಂದೊಂದು ಕಮ್ಯೂನಲ್ಲಿ ಒಂದೊಂದು ತರ, ರಾತ್ರಿ ಒಂದು ಗಂಟೆಗೆ ಬನ್ನಿ ಅಂದ್ರೆ ಬರೋರು ಸಿಗೋದು ಕಷ್ಟ. ಹಾಗಾಗಿ ಹೆಚ್ಚಿನವರು ಮಾಡೋದು ಏನಂದ್ರೆ ಕಾನೂನಿನ ಭಾಗ ಕಮ್ಯೂನ್ ಕಚೇರೀಲಿ ಹಗಲು ಹೊತ್ತು ಮುಗಿಸಿ, ಉಂಗುರ, ಮಾತು ಕೊಡೋದು ಎಲ್ಲಾ ತಮಗೆ ಬೇಕಾದ ಜಾಗದಲ್ಲಿ ಬೇಕಾದ ಹೊತ್ತಲ್ಲಿ ಮಾಡ್ಕೋತಾರೆ. ಹೀಗೆ ಬೇರೆ ಬೇರೆ ಮಾಡಿದ್ರೆ ಹವೆ ಕೈ ಕೊಟ್ರೂ ಒಂದು ದಿನ ಮುಂದೆ ಹಾಕೋ ಸ್ವಾತಂತ್ರ್ಯ ನಿಮ್ಮ ಕೈಲೇ ಇರತ್ತೆ, ಅಧಿಕಾರಿ ಟೈಮ್ ನೋಡೋ ಹಾಗಿಲ್ಲ. ನನಗಂತೂ ಇದೇ ಸರಿ ಅನ್ಸತ್ತೆ. ಮದುವೆ ಯಾವ ಗಳಿಗೇಲಿ ಆಯ್ತು ಅಂತ ನಿಮ್ಮ ಮನಸ್ಸು ಲೆಕ್ಕ ಹಾಕೋದು ಆ ಬೀಚಿಂದಾನೇ, ಸಹಿ ಹಾಕಿದ ಟೇಬಲ್‌ನಿಂದ ಅಲ್ಲ.

ಹಿಮಹೂವು:

ಅಯ್ಯೋ ಎಷ್ಟು ವಿವರವಾಗಿ ಬರ್ದಿದೀರಾ ಎಲ್ಲರೂ, ತುಂಬಾ ಥ್ಯಾಂಕ್ಸ್. 4 ತಿಂಗಳ ವಿಷಯ ನಮಗೆ ಗೊತ್ತೇ ಇರ್ಲಿಲ್ಲ. ಸೂರ್ಯ ಉತ್ತರದಲ್ಲಿ ಇರ್ತಾನೆ ಅನ್ನೋದೂ ಅಷ್ಟೇ, ರೈನೆನಲ್ಲೇ ರೂಮ್ ನೋಡ್ತಾ ಇದ್ವಿ!

ಒಂದೇ ಒಂದು ಪ್ರಶ್ನೆ ಉಳೀತು. ಇವನಿಗೆ ಹಿಮ ಇರ್ಬೇಕು ಅನ್ನೋದು ಇನ್ನೂ ಮನಸ್ಸಿಂದ ಹೋಗಿಲ್ಲ. ನಿಜವಾದ ಚಳಿಗಾಲದಲ್ಲಿ, ಡಿಸೆಂಬರ್ ಜನವರೀಲಿ ಮಾಡಿದವ್ರು ಯಾರಾದ್ರೂ ಇದೀರಾ? ಅಲ್ಲಿ ಹಗಲೇ ಇಲ್ಲ ಅಂದ್ರೆ ಫೋಟೋದಲ್ಲಿ ಏನು ಬರತ್ತೆ? ಮತ್ತೆ ಸ್ವಾಲ್ಬಾರ್ಡ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ.

ನೀಲಿಹೊತ್ತು:

ಅಕ್ಕಾ, ಪೋಲಾರ್ ನೈಟ್ ಅಂದ್ರೆ ಇಡೀ ದಿನ ಕಗ್ಗತ್ತಲೆ ಅಂತ ತಿಳ್ಕೊಂಡು ಎಲ್ಲರೂ ಬಿಟ್ಟುಬಿಡ್ತಾರೆ, ನನಗೆ ಅದು ತುಂಬಾ ಬೇಜಾರು. ಟ್ರೋಮ್ಸೋದಲ್ಲಿ ಡಿಸೆಂಬರ್ 21ರ ಮಧ್ಯಾಹ್ನಾನೂ ಸೂರ್ಯ ದಿಗಂತದಿಂದ ಬರೀ ಮೂರು ಡಿಗ್ರಿ ಕೆಳಗಿರ್ತಾನೆ. ಹಾಗಾಗಿ ಹತ್ತರಿಂದ ಒಂದೂವರೆ ತನಕ ಆಕಾಶ ದಕ್ಷಿಣದಲ್ಲಿ ಗುಲಾಬಿ, ಉಳಿದ ಕಡೆ ಎಲ್ಲಾ ನೀಲಿ, ಹಿಮ ಆ ನೀಲೀನ ಹೀರ್ಕೊಂಡು ಬೆಟ್ಟ ರಸ್ತೆ ಮನೆ ಎಲ್ಲದಕ್ಕೂ ಅದೇ ಬಣ್ಣ ಬರತ್ತೆ. ನೆರಳೇ ಇಲ್ಲದ ಬೆಳಕು ಅದು, ಮುಖದ ಮೇಲೆ ಅಷ್ಟು ಮೃದುವಾಗಿ ಬೀಳತ್ತೆ. ಇನ್ನೊಂದು ಯಾರೂ ಹೇಳದ ಸಂಗತಿ, ಚಳಿಗಾಲದ ಹುಣ್ಣಿಮೆ ಚಂದ್ರ ಆಕಾಶದಲ್ಲಿ ತುಂಬಾ ಎತ್ತರ ಹೋಗತ್ತೆ, ಪೋಲಾರ್ ನೈಟ್ ಸಮಯದಲ್ಲಿ ಹುಣ್ಣಿಮೆ ಆಸುಪಾಸು ಕೆಲವು ದಿನ ಮುಳುಗೋದೇ ಇಲ್ಲ. ಹಿಮದ ಮೇಲೆ ಆ ಬೆಳದಿಂಗಳು ಇದ್ರೆ ಟಾರ್ಚ್ ಬೇಕಾಗಲ್ಲ. ಮಂಕಾದ ಅರೋರಾ ಅದರಲ್ಲಿ ಕಾಣಲ್ಲ ನಿಜ, ಆದ್ರೆ ಜೋರಾದ್ದು ಬಂದ್ರೆ ಬೆಟ್ಟ, ನೀವು, ಅರೋರಾ ಮೂರೂ ಒಂದೇ ಫೋಟೋದಲ್ಲಿ ಸ್ಪಷ್ಟ.

ಆದ್ರೂ ನಾನು ನಿಮಗೆ ಡಿಸೆಂಬರ್ ಹೇಳಲ್ಲ. ಜನವರಿ ಕೊನೆ, ಫೆಬ್ರವರಿ ಹೇಳ್ತೀನಿ. ಟ್ರೋಮ್ಸೋ ಊರಿಗೆ ಸೂರ್ಯ ಬೆಟ್ಟದ ಹಿಂದಿಂದ ವಾಪಸ್ ಮುಖ ತೋರ್ಸೋದು ಜನವರಿ 21ರ ಹೊತ್ತಿಗೆ, ಆ ದಿನಾನ ಊರವ್ರೆಲ್ಲಾ ಸೋಲ್‌ಡಾಗ್ ಅಂತ ಆಚರಿಸ್ತಾರೆ. ಅದಾದ್ಮೇಲೆ ಎರಡು ಮೂರು ವಾರ ನೀಲಿ ಗುಲಾಬಿ ಎರಡೂ ಇರತ್ತೆ, ಮೇಲೆ ಒಂಚೂರು ಚಿನ್ನದ ಬೆಳಕೂ ಸೇರತ್ತೆ. ಹಿಮ ತುಂಬಿರತ್ತೆ. ಚಳಿ ಅಂತ ಹೆದರೋರಿಗೆ ಹೇಳ್ತೀನಿ, ಸಮುದ್ರದ ಬಿಸಿನೀರಿನ ಪ್ರವಾಹದಿಂದ ಕರಾವಳಿ ಅಷ್ಟು ತಣ್ಣಗಾಗಲ್ಲ, ಟ್ರೋಮ್ಸೋದಲ್ಲಿ ಜನವರಿ ಸರಾಸರಿ ಮೈನಸ್ 3, 4 ಅಷ್ಟೇ, ಲೋಫೋಟೆನ್‌ನಲ್ಲಿ ಸೊನ್ನೆ ಆಸುಪಾಸು. ಅದೇ ಒಳನಾಡಿಗೆ ಹೋಗಿ ನೋಡಿ, ಕರಾಷೋಕ್‌ನಲ್ಲಿ 1886ರ ಜನವರಿ 1ಕ್ಕೆ ಮೈನಸ್ 51.4 ದಾಖಲಾಗಿದೆ, ನಾರ್ವೆಯ ದಾಖಲೆ ಅದೇ.

ಕಾಡೋದು ಗಾಳಿ. ಮೈನಸ್ 5 ಇದ್ದು ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿದ್ರೆ ಚರ್ಮಕ್ಕೆ ಮೈನಸ್ 13, 14ರ ಹಾಗೆ ಅನ್ಸತ್ತೆ. ಅದಕ್ಕೆ ಚಳಿಗಾಲಕ್ಕೆ ತೆರೆದ ಬೀಚ್ ಬೇಡ, ಬೆಟ್ಟದ ಮರೆಯಿರೋ ಫ್ಯೋರ್ಡ್, ಅಂದ್ರೆ ಬೆಟ್ಟಗಳ ನಡುವೆ ಒಳಗೆ ಚಾಚಿರೋ ಸಮುದ್ರದ ಒಳಭಾಗ ನೋಡಿ, ಕ್ವಾಲೋಯ ದ್ವೀಪದ ಎರ್ಸ್‌ಫ್ಯೋರ್ಡ್ ತರ. ಡ್ರೆಸ್ ಒಂದು ಸೈಜ್ ದೊಡ್ಡದು ಹೊಲಿಸಿ, ಒಳಗೆ ಮೆರಿನೋ ಉಣ್ಣೆ ಎರಡು ಪದರ ಹೋಗೋ ಹಾಗೆ, ಹತ್ತಿ ಬಟ್ಟೆ ಒಳಗೆ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗೆ ಮಾಡತ್ತೆ. ಬೂಟಿನ ಕೆಳಗೆ ಬ್ರೊಡ್ಡರ್ ಹಾಕ್ಕೊಳ್ಳಿ, ಮುಳ್ಳಿರೋ ಪಟ್ಟಿ, ಅಲ್ಲಿ ಎಲ್ಲಾ ಅಂಗಡೀಲೂ ಸಿಗತ್ತೆ, ಇಲ್ದಿದ್ರೆ ಐಸ್ ಮೇಲೆ ನಡೆಯೋಕಾಗಲ್ಲ. ಚಳೀಲಿ ಬೆರಳು ಸಣ್ಣಗಾಗತ್ತೆ, ಉಂಗುರ ಸಡಿಲ ಆಗಿ ಹಿಮದಲ್ಲಿ ಬಿದ್ರೆ ಸಿಗೋದಿಲ್ಲ, ಹಾಕಿದ ಕೂಡ್ಲೇ ಕೈಗವಸು ಹಾಕ್ಕೊಂಡುಬಿಡಿ. ಫೋಟೋಗ್ರಾಫರ್‌ಗೆ ಬ್ಯಾಟರಿ ಒಳಜೇಬಲ್ಲಿ ಇಟ್ಕೊಳ್ಳೋಕೆ ಹೇಳೋದೇ ಬೇಡ, ಅಲ್ಲಿನವ್ರಿಗೆ ಗೊತ್ತಿರತ್ತೆ, ಆದ್ರೆ ನಿಮ್ಮ ಫೋನ್ ಮಾತ್ರ ಹಾಗೇ ಹೊರಗಿಟ್ಟರೆ ಬೇಗ ಆಫ್ ಆಗತ್ತೆ.

ಡ್ರೈವಿಂಗ್ ಅಭ್ಯಾಸ ಇಲ್ಲ ಅಂದ್ರಿ. ಚಳಿಗಾಲ ಆದ್ರೆ ಕಾರು ಬೇಡ, ಟ್ರೋಮ್ಸೋದಲ್ಲಿ ಉಳ್ಕೊಂಡು ಸ್ಥಳೀಯರ ಜೊತೆ ಹೋಗಿ. ಲೋಫೋಟೆನ್‌ಗೆ ಫೆಬ್ರವರೀಲಿ ಹೊಸಬರು ಸ್ವಂತ ಡ್ರೈವ್ ಮಾಡ್ಕೊಂಡು ಹೋಗೋದು ನನಗೆ ಸರಿ ಅನ್ಸಲ್ಲ, ಬಿರುಗಾಳಿ ಬಂದ್ರೆ ಬೋಡೋ ಮೊಸ್ಕೆನೆಸ್ ಫೆರಿ ನಿಲ್ಲತ್ತೆ, ಚಿಕ್ಕ ವಿಮಾನನೂ ಹಾರಲ್ಲ. ಇಳಿಜಾರಿನ ಕೆಳಗೆ ನಿಲ್ಲೋ ಮುಂಚೆ ವಾರ್ಸಮ್ ಸೈಟಲ್ಲಿ ಹಿಮಕುಸಿತದ ಮಟ್ಟ ನೋಡಿ, 1ರಿಂದ 5ರ ತನಕ ಕೊಡ್ತಾರೆ.

ಇನ್ನೊಂದು ಮಾತು. ರೈನ್‌ಡಿಯರ್ ಜೊತೆ ಫೋಟೋ ತೆಗೆಸ್ಕೊಳ್ಳೋ ಆಸೆ ಇದ್ರೆ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಕುಟುಂಬಗಳೇ ನಡೆಸೋ ಕಡೆ ಹೋಗಿ, ಅವರನ್ನ ಕೇಳಿ ಮಾಡಿ. ಅವರ ಗಾಕ್ತಿ ಉಡುಪನ್ನ ನಾವು ಫೋಟೋಗಾಗಿ ಹಾಕ್ಕೊಳ್ಳೋದು ಬೇಡ, ಅದು ಅವರ ಮನೆತನ, ಊರು ಎಲ್ಲಾ ಹೇಳೋ ಬಟ್ಟೆ. ಮೇ ತಿಂಗಳಲ್ಲಿ ಮರಿ ಹಾಕೋ ಸಮಯ, ಆಗ ಹಿಂಡಿನ ಹತ್ರ ಹೋಗಲೇಬಾರದು.

ಕಡಲಂಚು:

ನೀಲಿಹೊತ್ತು ಅವರೇ, ಹಿಮ ಮತ್ತು ಬೆಳಕು ಎರಡೂ ಬೇಕಂದ್ರೆ ಫೆಬ್ರವರಿಗಿಂತ ಮಾರ್ಚ್ ಮೇಲಲ್ವಾ? ಹಗಲು 12 ಗಂಟೆ, ರಾತ್ರಿ ಅರೋರಾ, ಹಿಮ ಅಂತೂ ಟ್ರೋಮ್ಸೋದಲ್ಲಿ ಮಾರ್ಚ್ ಏಪ್ರಿಲ್‌ನಲ್ಲೇ ಅತಿ ಹೆಚ್ಚು ದಪ್ಪ ಇರೋದು, 1997ರ ಏಪ್ರಿಲ್ 29ಕ್ಕೆ 240 ಸೆಂಟಿಮೀಟರ್ ಇತ್ತು ಅಂತ ದಾಖಲೆ ಇದೆ.

ನೀಲಿಹೊತ್ತು:

ಹೌದು, ಒಪ್ತೀನಿ. ಹಿಮ ಬೇಕೇ ಬೇಕು ಅಂದ್ರೆ, ಮೊದಲ ಸಲ ಬರೋರಿಗೆ ಮಾರ್ಚ್ ಎರಡನೇ ಭಾಗ ಸುರಕ್ಷಿತ ಆಯ್ಕೆ. ಆ ನೀಲಿ ಮಾತ್ರ ಆಗ ತುಂಬಾ ಕಮ್ಮಿ ಹೊತ್ತು, ಅದಕ್ಕೇ ನನ್ನ ಮನಸ್ಸು ಫೆಬ್ರವರಿ ಬಿಡಲ್ಲ.

ದೂರದೂರು:

ಸ್ವಾಲ್ಬಾರ್ಡ್ ಬಗ್ಗೆ ನಾನು ಹೇಳ್ತೀನಿ, ಅಲ್ಲಿ ಸ್ವಲ್ಪ ಕಾಲ ಕೆಲಸದಲ್ಲಿದ್ದೆ. ಅಲ್ಲಿನ ಮುಖ್ಯ ಊರು ಲಾಂಗಿಯರ್‌ಬಿಯೆನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಲ್ಲಿನ ಲೆಕ್ಕಾನೇ ಬೇರೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ಹನ್ನೊಂದೂವರೆ ಡಿಗ್ರಿ ಕೆಳಗಿರ್ತಾನೆ, ಟ್ರೋಮ್ಸೋದ ನೀಲಿ ಗುಲಾಬಿ ಅಲ್ಲಿಲ್ಲ, ಅದು ನಿಜವಾದ ಕತ್ತಲೆ. ಊರಿಗೆ ಬಿಸಿಲು ವಾಪಸ್ ಬರೋದು ಮಾರ್ಚ್ 8ರ ಹೊತ್ತಿಗೆ, ಏಪ್ರಿಲ್ 20ರಿಂದ ಆಗಸ್ಟ್ 22, 23ರ ತನಕ ಸೂರ್ಯ ಮುಳುಗಲ್ಲ. ಅಂದ್ರೆ ಬಿಸಿಲು, ಹಿಮ, ಸಂಜೆ ಮೂರೂ ಇರೋದು ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ ತನಕದ ಒಂದು ತಿಂಗಳಲ್ಲಿ, ಆಗಿನ ಹವೆ ಮೈನಸ್ 10, 20. ಆ ಬೆಳಕು ನೋಡಿದವ್ರಿಗೆ ಬೇರೆ ಯಾವುದೂ ಹಿಡಿಸಲ್ಲ ಅಂತ ನಾನು ನಂಬ್ತೀನಿ, ಆದ್ರೆ ಡ್ರೆಸ್ಸಲ್ಲಿ ಅರ್ಧ ಗಂಟೆ ನಿಲ್ಬೇಕು ಅನ್ನೋರಿಗೆ ಅಲ್ಲ.

ಊರು ದಾಟಿದ್ರೆ ಹಿಮಕರಡಿ ಇರೋ ಜಾಗ. ಕರಡಿ ಹೆದರಿಸಿ ಓಡಿಸೋ ಸಾಧನ ಜೊತೇಲಿ ಇರ್ಲೇಬೇಕು ಅಂತ ನಿಯಮ, ಗನ್ ಕೂಡ ಇರ್ಲಿ ಅಂತಾರೆ, ಹಾಗಾಗಿ ಗೈಡ್ ಇಲ್ದೆ ಹೋಗೋ ಮಾತೇ ಇಲ್ಲ. 2025ರ ಜನವರಿಯಿಂದ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರ್ಬೇಕು, ಮಾರ್ಚ್ 1ರಿಂದ ಜೂನ್ 30ರ ತನಕ 500 ಮೀಟರ್. ಸಿವಿಲ್ ಮದುವೆ ಅಲ್ಲಿ ಕಮ್ಯೂನ್ ಅಲ್ಲ, ಸಿಸ್ಸೆಲ್‌ಮೆಸ್ಟರ್ ಅಂದ್ರೆ ಗವರ್ನರ್ ಕಚೇರಿ ಮಾಡೋದು. ಸ್ವಾಲ್ಬಾರ್ಡ್ ಶೆಂಗೆನ್, ಅಂದ್ರೆ ಗಡಿ ತಪಾಸಣೆ ಇಲ್ಲದೆ ಓಡಾಡೋ ಯುರೋಪಿನ ವಲಯದ ಹೊರಗಿದೆ, ಓಸ್ಲೋದಿಂದ ಹೋದ್ರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ತಗೊಂಡು ಹೋಗಿ. ನನ್ನ ಸಲಹೆ, ಮದುವೆ ಮೇನ್‌ಲ್ಯಾಂಡಲ್ಲಿ ಆಗಿ, ಸ್ವಾಲ್ಬಾರ್ಡ್‌ಗೆ ಆಮೇಲೆ ನಿಧಾನಕ್ಕೆ ಬನ್ನಿ, ಎರಡನ್ನೂ ಒಂದೇ ವಾರಕ್ಕೆ ತುಂಬಬೇಡಿ.

ಹಿಮಹೂವು:

ನಿನ್ನೆ ರಾತ್ರಿ ಇಬ್ಬರೂ ಕೂತ್ಕೊಂಡು ನಿಮ್ಮ ಉತ್ತರ ಒಂದೊಂದಾಗಿ ಓದಿದ್ವಿ. ಸೆಪ್ಟೆಂಬರ್ ಮೂರನೇ ವಾರ, ಲೋಫೋಟೆನ್ ಅಂತ ನಿರ್ಧಾರ ಆಯ್ತು. ಡ್ರೈವಿಂಗ್ ಒಂದು ಕಾರಣ, ಆ ಹಳದಿ ಬಣ್ಣ ಇನ್ನೊಂದು, ಬೆಟ್ಟದ ತುದೀಲಿ ಹಿಮ ಇರಬಹುದು ಅಂದಿದ್ದಕ್ಕೆ ಇವನೂ ಸಮಾಧಾನ ಆದ. ಸಹಿ ಕೆಲಸ ವೆಸ್ಟ್‌ವೋಗೋಯ್ ಕಮ್ಯೂನ್‌ನಲ್ಲಿ, ಉಂಗುರ ಬೀಚಲ್ಲಿ. ಹೌಕ್ಲಾಂಡ್, ಉತ್ತಾಕ್ಲೈವ್ ಎರಡರಲ್ಲಿ ಸಂಜೆಗೆ ಯಾವುದು ಒಳ್ಳೇದು? ಮತ್ತೆ ಪ್ರೋವಿಂಗ್ಸ್‌ಅಟೆಸ್ಟ್‌ಗೆ ಯಾವಾಗ ಹಾಕ್ಬೇಕು?

ಉತ್ತರದಾರಿ:

ಖುಷಿ ಆಯ್ತು ಓದಿ. ಎರಡೂ ಪಕ್ಕಪಕ್ಕದ ಬೀಚು, ಮಧ್ಯೆ ಒಂದು ಸುರಂಗ ರಸ್ತೆ ಅಷ್ಟೇ, ಹಾಗಾಗಿ ಈಗ್ಲೇ ಒಂದನ್ನೇ ಆರಿಸೋ ಅಗತ್ಯ ಇಲ್ಲ. ಮರಳು, ತಿಳಿನೀರು, ನಡೆಯೋಕೆ ಸುಲಭ ಬೇಕಂದ್ರೆ ಹೌಕ್ಲಾಂಡ್, ಬಂಡೆ, ಅಲೆ, ತೆರೆದ ಆಕಾಶ ಬೇಕಂದ್ರೆ ಉತ್ತಾಕ್ಲೈವ್, ರಾತ್ರಿ ಅರೋರಾಗೂ ಅದೇ. ಆ ದಿನದ ಗಾಳಿ ಯಾವ ಕಡೆಯಿಂದ ಅಂತ ಬೆಳಗ್ಗೆ ನೋಡಿ, ಯಾವುದಕ್ಕೆ ಬೆಟ್ಟದ ಮರೆ ಸಿಗತ್ತೋ ಅಲ್ಲಿಗೆ ಹೋಗಿ. ಸಾಧ್ಯ ಆದ್ರೆ ಅಮಾವಾಸ್ಯೆ ಹತ್ತಿರದ ದಿನ ಬಿಟ್ಟು ಹುಣ್ಣಿಮೆ ಕಳೆದ ಮೇಲಿನ ಅರ್ಧಚಂದ್ರ ಇರೋ ದಿನ ಹಿಡೀರಿ, ಆ ತಿಂಗಳು ನೆಲದ ಮೇಲೆ ಹಿಮ ಇರಲ್ಲ, ಚಂದ್ರ ಇಲ್ಲ ಅಂದ್ರೆ ಬೆಟ್ಟ ಪೂರ್ತಿ ಕಪ್ಪಾಗಿಹೋಗತ್ತೆ.

ಓಸ್ಲೋ ಕನ್ನಡತಿ:

ಪತ್ರಕ್ಕೆ ಜೂನ್ ಮಧ್ಯದಲ್ಲಿ ಅರ್ಜಿ ಹಾಕಿ ಪುಟ್ಟಾ. ಜುಲೈನಲ್ಲಿ ಕೈಗೆ ಬಂದ್ರೆ ನವೆಂಬರ್ ತನಕ ನಡೆಯತ್ತೆ, ರಜೆ ತಿಂಗಳಾಗಿರೋದ್ರಿಂದ ಕಚೇರಿ ನಿಧಾನ ಆದ್ರೂ ಆಗಸ್ಟ್ ಪೂರ್ತಿ ನಿಮ್ಮ ಕೈಲಿರತ್ತೆ. ಸ್ವಂತ ದೇಶದ ಪತ್ರ ಅದಕ್ಕೂ ಮುಂಚೆ ಬಂದಿರ್ಲಿ. ಕಮ್ಯೂನ್‌ಗೆ ಮೇಲ್ ಹಾಕುವಾಗ ಸಾಕ್ಷಿಗೆ ಒಬ್ಬರು ಕಮ್ಮಿ ಇದಾರೆ, ನಿಮ್ಮ ಕಚೇರಿಯಿಂದ ಯಾರಾದ್ರೂ ನಿಲ್ಲಬಹುದಾ ಅಂತಾನೂ ಕೇಳಿ.